ಆರು ಗಂಟೆಯ ಪ್ರತಿ

"ಹೋಯ್ತು... ಎಲ್ಲಾ ಹೋಯ್ತು!"

ಅವಳ ಕಣ್ಣೆದುರೇ ಪರದೆಯ ಹಸಿರು ಗುರುತುಗಳು ಒಂದೊಂದಾಗಿ ಕೆಂಪಾದವು. ಬೆಳಗಿನ ಹನ್ನೊಂದು ಗಂಟೆ. ದೂರದ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದಿತ್ತು. ಊರಿನ ದೊಡ್ಡಾಸ್ಪತ್ರೆಯ ರೋಗಿಗಳ ದಾಖಲೆಗಳೆಲ್ಲ ಅಲ್ಲಿದ್ದವು. ಯಾರಿಗೆ ಯಾವ ಔಷಧಿ ಕೊಡಬೇಕು, ಯಾವುದು ಆಗಿಬರುವುದಿಲ್ಲ, ಎಲ್ಲವೂ. ಅವುಗಳ ಬ್ಯಾಕಪ್, ಅಂದರೆ ನಕಲು ಪ್ರತಿ ತೆಗೆದಿಡುವ ಜವಾಬ್ದಾರಿ ಅವಳದು.

ಟೆಸ್ಟಿಂಗ್ ವಿಭಾಗದವನು ಸದ್ದಿಲ್ಲದೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ತಿಂಗಳಿಗೊಮ್ಮೆ ಬಂದು, "ಬ್ಯಾಕಪ್ ಇದೆ, ಸರಿ ಮೇಡಂ. ವಾಪಸ್ ಬರುತ್ತಾ? ಒಂದ್ಸಲ ತೆಗೆದು ನೋಡೋಣ" ಎಂದು ಪ್ರಾಣ ತಿನ್ನುತ್ತಿದ್ದವನು ಇವನೇ. ತನ್ನ ಕೆಲಸದ ಮೇಲೆ ಇವನಿಗೆ ನಂಬಿಕೆಯಿಲ್ಲವೆಂದು ಅವಳಿಗೆ ಒಳಗೊಳಗೇ ಸಿಟ್ಟು.

ಇನ್ನೊಂದು ಊರಿನ ಸೆಂಟರ್‌ನಲ್ಲಿ ಎರಡು ಪ್ರತಿಗಳಿದ್ದವು. ಒಂದು, ಬೆಂಕಿ ಬಿದ್ದ ಗಳಿಗೆಯವರೆಗಿನದು. ಇನ್ನೊಂದು, ಬೆಳಿಗ್ಗೆ ಆರು ಗಂಟೆಯದು.

"ಹೊಸದನ್ನೇ ಹಾಕ್ತೀನಿ."

"ತಡೀರಿ. ಮೊದ್ಲು ಹತ್ತು ಜನರ ದಾಖಲೆ ತೆಗೆದು ನೋಡಿ."

"ಅಲ್ಲಿ ರೋಗಿಗಳು ಕಾಯ್ತಿದ್ದಾರೆ ರೀ!"

"ಗೊತ್ತು." ಅವನು ಅವಳತ್ತ ತಿರುಗಿಯೂ ನೋಡಲಿಲ್ಲ.

ಎಂಥ ಕಲ್ಲು ಮನುಷ್ಯ! ಹಲ್ಲು ಕಚ್ಚಿಕೊಂಡು ತೆಗೆದಳು. ಆರು ದಾಖಲೆಗಳು ಸರಿಯಿದ್ದವು. ಏಳನೆಯದರಲ್ಲಿ ಒಬ್ಬರ ಹೆಸರು, ಇನ್ನೊಬ್ಬರ ಔಷಧಿ. ಬೆಂಕಿಯ ಗಳಿಗೆಯಲ್ಲಿ ಪ್ರತಿಯಾಗುತ್ತಿದ್ದದ್ದು ಕಲಸಿಹೋಗಿತ್ತು. ಬಟನ್ ಒತ್ತಿಬಿಟ್ಟಿದ್ದರೆ?

"ಆರು ಗಂಟೆಯದು," ಎಂದರು ಇಬ್ಬರೂ ಒಟ್ಟಿಗೇ.

ಅದರಲ್ಲಿ ಹತ್ತೂ ಸರಿಯಿದ್ದವು. ಅವಳು ಬಟನ್ ಒತ್ತಿದಳು. ಅವನು ಆಸ್ಪತ್ರೆಗೆ ಫೋನ್ ಮಾಡಿದ. "ಸಿಸ್ಟರ್, ಆರರ ನಂತರದ್ದನ್ನ ವಾರ್ಡಿನ ಚೀಟಿ ನೋಡಿ ತುಂಬಿಸ್ಕೊಳ್ಳಿ."

ನಲವತ್ತು ನಿಮಿಷ. ಪರದೆಯ ಕೆಂಪು ಗುರುತುಗಳು ಒಂದೊಂದಾಗಿ ಹಸಿರಾದವು. ಕೊನೆಗೆ ಫೋನಿನಲ್ಲಿ ಸಿಸ್ಟರ್ ದನಿ ಕೇಳಿಸಿತು: "ಬಂತು! ಎಲ್ಲಾ ಕಾಣಿಸ್ತಿದೆ!"

ಸ್ವಲ್ಪ ಹೊತ್ತಿಗೆ ಅವನ ಮೊಬೈಲ್ ಸದ್ದಾಯಿತು. ಓದಿದವನೇ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

"ಏನಾಯ್ತು?"

"ನಮ್ಮಕ್ಕ ಹೆರಿಗೆಗೆ ಆ ಆಸ್ಪತ್ರೆಯಲ್ಲೇ ಇದ್ಲು. ಪ್ರಜ್ಞೆ ತಪ್ಪಿತ್ತು. ಯಾವ ಇಂಜೆಕ್ಷನ್ ಆಗಲ್ಲ ಅಂತ ನೋಡೋಕೆ ಡಾಕ್ಟರ್ ಈ ದಾಖಲೆಗೇ ಕಾಯ್ತಿದ್ರು. ಹೆಣ್ಣುಮಗು. ಇಬ್ರೂ ಚೆನ್ನಾಗಿದ್ದಾರಂತೆ."

ಒಡಹುಟ್ಟಿದವಳ ಜೀವವನ್ನೇ ತನ್ನ ಕೈಗೆ ಬಿಟ್ಟು ಇವನು ಸುಮ್ಮನೆ ಕೂತಿದ್ದನೇ?

"ಮೊದ್ಲೇ ಹೇಳ್ಬಾರದಿತ್ತಾ?"

"ಹೇಳಿದ್ರೆ ನನಗೋಸ್ಕರ ಅವಸರ ಮಾಡ್ತಿದ್ರಿ."

"ನಿಮಗೋಸ್ಕರ ನಾನ್ಯಾಕೆ ಅವಸರ ಮಾಡ್ಲಿ? ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ." ಅವನ ಕಿವಿ ಕೆಂಪಾಯಿತು. "ನಾನೇ ಆಸೆ ಪಟ್ಕೊಂಡಿದ್ದೆ."

ಅವಳು ಅವನ ಬೆರಳುಗಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡಳು.

"ಅವಸರ ಮಾಡ್ತಿದ್ದೆ," ಎಂದಳು ಮೆಲ್ಲಗೆ. "ನಡೀರಿ, ಮಗು ನೋಡ್ಕೊಂಡು ಬರೋಣ."

"ಅಕ್ಕ ನಿಮ್ಮನ್ನ ಯಾರು ಅಂತ ಕೇಳಿದ್ರೆ?"

"ನೀವೇನೂ ಹೇಳ್ಬೇಡಿ. ನಾನೇ ಹೇಳ್ತೀನಿ."