ಮತ್ತೆ ಮತ್ತೆ ಮಸುಕಾದ ವೀಲ್ ಕ್ಯಾಪ್

"ಹಿಂದಕ್ಕ ಸರೀರಿ!"

ಸುಂಕಮ್ಮ ಕೂಗಿದ್ದು ಅವನಿಗೆ ಕೇಳಿಸಲೇ ಇಲ್ಲ. ಪಾಲಿಷ್ ಮೋಟರಿನ ಸದ್ದು ಹಾಗಿತ್ತು. ಅವನ ಹೆಗಲ ಮೇಲಿನ ಟವೆಲಿನ ತುದಿ, ತಿರುಗುವ ಚಕ್ರದ ಪಕ್ಕದಲ್ಲೇ ತೂಗಾಡುತ್ತಿತ್ತು. ಅವನೋ, ಕೈಯಲ್ಲೊಂದು ಉದ್ದನೆಯ ತಗಡಿನ ಪಟ್ಟಿ ಹಿಡಿದು, ಒಳಗೆ ಗಂಡಸರು ಯಾರಾದರೂ ಇದ್ದಾರೇನೋ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದ.

ಅವಳು ಒಂದು ಕೈಯಿಂದ ಸ್ವಿಚ್ ಆರಿಸಿದಳು. ಇನ್ನೊಂದು ಕೈಯಿಂದ ಅವನ ಟವೆಲನ್ನೇ ಹಿಡಿದು ಎಳೆದಳು.

ಅವನು ಮುಗ್ಗರಿಸಿ ಅವಳ ಎದುರಿಗೇ ಬಂದು ನಿಂತ. ಅವಳ ಮೂಗಿನ ಮೇಲಿನ ಮಸಿ, ಹುಬ್ಬಿನ ಮೇಲಿನ ಬೆವರು, ಸಿಟ್ಟಿನಲ್ಲಿ ಅಗಲವಾದ ಕಣ್ಣು... ಎಲ್ಲವೂ ಅವನಿಗೆ ಒಂದೇ ಸಲ ಕಂಡವು.

"ಈ ಚಕ್ರಕ್ಕ ಟವೆಲ್ ಸಿಕ್ಕಿದ್ರ ಕುತ್ತಿಗಿನೂ ಸಿಕ್ತೈತಿ. ಅಷ್ಟೂ ಗೊತ್ತಾಗಂಗಿಲ್ಲೇನ್ರಿ?"

"ಗೊತ್ತಾತ್ರಿ... ಈಗ ಗೊತ್ತಾತು." ಅವನು ಮತ್ತೆ ಒಳಗೆ ಇಣುಕಿದ. "ಪಾಲಿಷ್ ಮಾಡೋರು ಎಲ್ಲಿ ಅದಾರ?"

"ನಿಮ್ಮ ಟವೆಲ್ ಹಿಡ್ಕೊಂಡು ನಿಂತಾರ."

ಬಾಗಿಲ ಹೊರಗೆ ಹೊರಸಿನ ಮೇಲೆ ಕೂತಿದ್ದ ಅವಳ ಅಪ್ಪ ಕರಿಸಿದ್ದಪ್ಪ ಗೊಳ್ಳನೆ ನಕ್ಕರು.

ಕೊಟ್ಟೂರಿನ ಆ ಓಣಿಯಲ್ಲಿ ಕರಿಸಿದ್ದಪ್ಪನ ಪಾಲಿಷ್ ಅಂಗಡಿ ಗೊತ್ತಿಲ್ಲದವರಿಲ್ಲ. ದೇವರ ದೀಪ, ಮದುವೆಯ ಕೊಡ, ಪಲ್ಲಕ್ಕಿಯ ಹಿತ್ತಾಳೆ ತಗಡು, ಎಲ್ಲವೂ ಇಲ್ಲಿಗೇ ಬರುತ್ತಿದ್ದವು. ಈಗ ಅಪ್ಪನ ಕೈ ನಡುಗುತ್ತದೆ. ಚಕ್ರದ ಮುಂದೆ ಮಗಳು ನಿಲ್ಲುತ್ತಾಳೆ. ಅವಳು ನಿಂತ ಮೇಲೆ ಕೆಲವರು ಬರುವುದನ್ನೇ ಬಿಟ್ಟರು. ಕೆಲವರು "ನೋಡೋಣ" ಎಂದರು.

ತಂಬ್ರಹಳ್ಳಿಯ ಹಿರಿಯ ಯರ್ರಿಸ್ವಾಮಿ "ನೋಡೋಣ" ಎಂದವರಲ್ಲಿ ಒಬ್ಬರು. ಅವರೂರಿನ ಪಲ್ಲಕ್ಕಿಯ ತಗಡು ಈ ಸಲವೂ ಇಲ್ಲಿಗೆ ಬಂದರೆ ಸುತ್ತಲಿನ ಹಳ್ಳಿಗಳೂ ಹಿಂದೆಯೇ ಬರುತ್ತವೆ. ಬರದಿದ್ದರೆ...? ಮೋಟರ್ ಮಾರಿ, ಬೇರೆ ಯಾರದೋ ಅಂಗಡಿಯಲ್ಲಿ ಕೂಲಿಗೆ ನಿಲ್ಲಬೇಕು. ಸ್ವಿಚ್ ಆರಿಸಿದ ಮೇಲೂ ಸುಂಕಮ್ಮನ ಎದೆಯಲ್ಲಿ ಏನೋ ಗುಂಯ್ ಎನ್ನುತ್ತಲೇ ಇರುತ್ತಿದ್ದುದು ಇದಕ್ಕೇ.

ಬಂದವನ ಹೆಸರು ಜಂಬುನಾಥ. ಕೂಡ್ಲಿಗಿಯಲ್ಲಿ ಮೆಕ್ಯಾನಿಕ್.

"ನಮ್ಮ ತಾತ ಓಡಿಸ್ತಿದ್ದ ಉದ್ದ ಮೂತಿ ಲಾರಿ ಐತ್ರಿ. ಗುಜರಿಗೆ ಹಾಕು ಅಂದ್ರು ಎಲ್ಲಾರೂ. ಹಟ ಹಿಡಿದು ಇಂಜಿನ್ ಎಬ್ಬಿಸೀನಿ. ಬಣ್ಣಾನೂ ಆತು. ಆದ್ರ ಈ ಪಟ್ಟಿ, ಜಾಲರಿ, ಲೈಟಿನ ಬಳಿ, ಎಲ್ಲಾ ಸತ್ತ ಮಾರಿ ಆಗ್ಯಾವು."

ಸುಂಕಮ್ಮ ಪಟ್ಟಿಯನ್ನು ಉಗುರಿನಿಂದ ಕೆರೆದು ನೋಡಿದಳು. ಅಲ್ಯೂಮಿನಿಯಂ. ಚಕ್ರಕ್ಕೆ ಪಾಲಿಷ್ ಸಾಬೂನು ತಾಗಿಸಿ, ಪಟ್ಟಿಯನ್ನು ಒತ್ತಿ ಹಿಡಿದಳು. ನೋಡುತ್ತಿದ್ದಂತೆ ಅದು ಕಾಡಿಗೆ ಬಳಿದಂತೆ ಕಪ್ಪಾಯಿತು.

"ಅಲ್ರಿ... ಇದ್ದದ್ದೂ ಹೋತಲ್ರಿ?"

"ಬಿಳಿ ಆಗೋ ಮುಂಚೆ ಕರಿ ಆಗ್ತೈತಿ. ಸುಮ್ನ ನಿಂದರ್ರಿ."

ಜೋಳದ ಹಿಟ್ಟು ಉದುರಿಸಿ ಬಟ್ಟೆಯಿಂದ ಒರೆಸಿದಳು. ಕಪ್ಪೆಲ್ಲ ಹಿಟ್ಟಿಗೆ ಹತ್ತಿಕೊಂಡು ಬಂತು. ಕೆಳಗಿನಿಂದ ಬೆಳ್ಳಿಯಂಥ ಹೊಳಪು ಎದ್ದಿತು.

ಜಂಬುನಾಥ ಪಟ್ಟಿಯನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಚೆನ್ನಾಗಿದೆ ಎಂದು ಹೇಳುವುದನ್ನೂ ಮರೆತು ಹೊರಟುಹೋದ.

'ಎಂಥಾ ಮನುಷ್ಯ... ಒಂದು ಮಾತಾದರೂ ಆಡಬಾರದೇ?' ಅವಳಿಗೆ ಮುನಿಸು ಬಂತು. ಗುರುತಿಲ್ಲದವನ ಮೇಲೆ ತನಗೇಕೆ ಮುನಿಸು ಎನ್ನುವುದು ಮಾತ್ರ ಹೊಳೆಯಲಿಲ್ಲ.

ಆಮೇಲೆ ಅವನು ವಾರವಾರವೂ ಬಂದ. ಒಂದು ಸಲಕ್ಕೆ ಒಂದೇ ಸಾಮಾನು. ಜಾಲರಿಯ ಚೌಕಟ್ಟು, ಎಡಗಡೆ ಲೈಟಿನ ಬಳೆ, ಮುಂದಿನ ವಾರ ಬಲಗಡೆಯದು...

"ಎರಡೂ ಒಟ್ಟಿಗೆ ತಂದಿದ್ರ ಬಸ್ಸಿನೋರು ಹತ್ತಿಸ್ಕೊಳ್ತಿದ್ದಿಲ್ಲೇನು?" ಎಂದು ಕರಿಸಿದ್ದಪ್ಪ ಕೆಣಕುತ್ತಿದ್ದರು.

"ಒಂದೊಂದ ಬಿಚ್ಚಬೇಕಲ್ರಿ ಮಾವಾ. ಹಳೇ ಬೋಲ್ಟು."

ಕೆಲಸ ನಡೆಯುವಾಗ ಅವನು ಹೊರಗೆ ಕೂರುತ್ತಿದ್ದ. ಬಿಸಿಲು ಸರಿದು ಹೊರಸಿನ ಮೇಲೆ ಬಿದ್ದರೆ, ಮಾತಾಡುತ್ತಲೇ ಎದ್ದು ಮುದುಕನ ಸಮೇತ ಹೊರಸನ್ನು ನೆರಳಿಗೆ ಎಳೆದುಬಿಡುತ್ತಿದ್ದ. ಅದನ್ನು ಒಂದು ಉಪಕಾರವೆಂದು ಅವನೂ ಎಣಿಸಲಿಲ್ಲ, ಕರಿಸಿದ್ದಪ್ಪನೂ ಎಣಿಸಲಿಲ್ಲ. ಚಕ್ರದ ಹಿಂದಿನಿಂದ ಸುಂಕಮ್ಮ ಮಾತ್ರ ನೋಡುತ್ತಿದ್ದಳು.

ಕೊನೆಗೊಂದು ದಿನ ಅವನು ಹಿಂದಿನ ಗಾಲಿಯ ವೀಲ್ ಕ್ಯಾಪ್ ತಂದ.

"ಇದ ಕಡೀದ್ರಿ... ಇನ್ನೇನೂ ಉಳಿದಿಲ್ಲ."

"ಚಲೋ ಆತು ಬಿಡ್ರಿ," ಎಂದಳು. ಆ ದಿನವೆಲ್ಲ ಅವಳ ಕೈಗೆ ಯಾವ ಪಾತ್ರೆಯೂ ಸರಿಯಾಗಿ ಕೂರಲಿಲ್ಲ. ಒಂದು ತಂಬಿಗೆ ಚಕ್ರದಿಂದ ಸಿಡಿದು ಗೋಡೆಗೆ ಬಡಿಯಿತು.

ಆದರೆ ಮುಂದಿನ ವಾರ ಅವನು ಮತ್ತೆ ಬಂದ. ಕೈಯಲ್ಲಿ ಅದೇ ವೀಲ್ ಕ್ಯಾಪ್. ಹೊಳಪು ಸತ್ತು, ಬೂದು ಬಣ್ಣಕ್ಕೆ ತಿರುಗಿತ್ತು.

ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. 'ನನ್ನ ಪಾಲಿಷ್ ನಿಲ್ಲಲಿಲ್ಲವೇ?'

"ಗಾಳಿನೋ ಧೂಳೋ ಇರಬೇಕು ಬಿಡ್ರಿ," ಎಂದ ಜಂಬುನಾಥ, ಅವಳ ಮುಖ ನೋಡದೆ.

ಅವಳು ಮತ್ತೆ ಹೊಳಪು ಕೊಟ್ಟಳು. ಅದು ಮತ್ತೆ ಮಸುಕಾಗಿ ಬಂತು. ಸಾಬೂನು ಬದಲಿಸಿದಳು, ಚಕ್ರದ ಬಟ್ಟೆ ಬದಲಿಸಿದಳು. ಊಟ ಸೇರದಾಯಿತು. ಅವನು ಬರುವ ದಿನ ಹತ್ತಿರವಾದಂತೆ ಮನಸ್ಸು ಹಾರಾಡುತ್ತಿತ್ತು. ಅವನು ಏನನ್ನು ತರುತ್ತಾನೋ ಎಂದು ಅದೇ ಮನಸ್ಸು ಅಂಜಿ ಸಾಯುತ್ತಿತ್ತು. ಬಾ ಎನ್ನಬೇಕೋ, ಬರಬೇಡ ಎನ್ನಬೇಕೋ...

ಹೀಗಿರುವಾಗ ಒಂದು ಸಲ ಅವನು ಬಂದಾಗ ಅವಳು ಹೊಳಪು ಕೊಟ್ಟ ದೀಪಗಳನ್ನು ಕೊಟ್ಟುಬರಲು ಹೋಗಿದ್ದಳು. ಕ್ಯಾಪನ್ನು ಕಟ್ಟೆಯ ಮೇಲಿಟ್ಟು, ಸ್ವಲ್ಪ ಹೊತ್ತು ಕಾದು, ಪೆಚ್ಚು ಮೋರೆ ಹಾಕಿಕೊಂಡು ಹೊರಟುಹೋದನಂತೆ.

ಅವನು ಹೋದ ಹಿಂದೆಯೇ ಯರ್ರಿಸ್ವಾಮಿ ಬಂದರು. ಪಲ್ಲಕ್ಕಿಯ ತಗಡುಗಳ ಗಂಟನ್ನೂ ತಂದಿದ್ದರು. ಆ ಕ್ಯಾಪ್ ಅವರ ಕಣ್ಣಿಗೆ ಬಿತ್ತು.

ಸುಂಕಮ್ಮ ಮರಳಿ ಬರುವಾಗ ಅವರು ಗಂಟನ್ನು ಮತ್ತೆ ಬಿಗಿಯುತ್ತಿದ್ದರು.

"ಯಾಕ್ರಿ ಹಿರಿಯರೇ... ಬಿಚ್ಚಿದ್ದು ಮತ್ತ ಕಟ್ಟಾಕ ಹತ್ತೀರಿ?"

"ಏನು ಮಾಡ್ಲವ್ವ? ಇದು ಪದೇ ಪದೇ ಮಸುಕಾಗಿ ವಾಪಸ್ ಬರಾಕ ಹತ್ತೈತಿ ಅಂತ ನಿಮ್ಮಪ್ಪನೇ ಹೇಳಿದ. ಸುಳ್ಳು ಹೇಳೋ ಮನುಷ್ಯ ಅಲ್ಲ ಅಂವ. ನಾಳಿಗೆ ದೇವರ ತಗಡು ಹಿಂಗಾದ್ರ ಊರಿಗೆ ಏನು ಹೇಳ್ಲಿ? ಹೊಸಪೇಟಿಗೆ ಕೊಡ್ತೀನಿ. ತಪ್ಪು ತಿಳಕೋಬ್ಯಾಡ."

ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಅವರ ನಡುಗುವ ಕೈಯನ್ನು ನೋಡಲಾಗದೆ ಅವಳು ಒಳಗೆ ಹೋದಳು.

'ತಪ್ಪು ನನ್ನದೇ ಆದರೆ ಒಪ್ಪಿಕೊಳ್ಳುತ್ತೇನೆ. ಆದರೆ ತಪ್ಪು ಎಲ್ಲಾಗಿದೆ?'

ಒಂದು ಹಳೆಯ ಅಲ್ಯೂಮಿನಿಯಂ ತಟ್ಟೆಗೆ ಹೊಳಪು ಕೊಟ್ಟು ಮಾಳಿಗೆಯ ಮೇಲಿಟ್ಟಳು. ಬಿಸಿಲು ಕಾಯಿತು, ಇಬ್ಬನಿ ಬಿತ್ತು, ಧೂಳು ಕೂತಿತು. ನಿಂತಲ್ಲಿ ನಿಲ್ಲಲಾರದೆ ಮತ್ತೆ ಮತ್ತೆ ಮೆಟ್ಟಿಲು ಹತ್ತಿ ನೋಡಿ ಬಂದಳು. ಒರೆಸಿದರೆ ತಟ್ಟೆಯಲ್ಲಿ ಅವಳ ಮುಖ ಹಾಗೆಯೇ ಕಾಣುತ್ತಿತ್ತು.

ಹಾಗಾದರೆ ಕೆಡುತ್ತಿದ್ದುದು ಕೂಡ್ಲಿಗಿಯಲ್ಲೇ.

ಅವಳು ಕ್ಯಾಪನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದಳು. ಚೀಲದ ಭಾರ ನೋಡಿ ಕಂಡಕ್ಟರ್ ತಾನೇ ಅದನ್ನು ಇಸಿದುಕೊಂಡು ತನ್ನ ಸೀಟಿನಡಿ ಇಟ್ಟ. ಅವಳಿಗೆ ಥ್ಯಾಂಕ್ಸ್ ಹೇಳುವ ಎಚ್ಚರವೂ ಇರಲಿಲ್ಲ.

ಜಂಬುನಾಥನ ಮನೆಯ ಅಂಗಳದಲ್ಲಿ ಅವನ ತಾಯಿ ಹಂಪಕ್ಕ ಶೇಂಗಾ ಸುಲಿಯುತ್ತಿದ್ದಳು. ಸುಂಕಮ್ಮ ಚೀಲದಿಂದ ಕ್ಯಾಪ್ ತೆಗೆದು ಮುಂದಿಟ್ಟಳು.

"ಕೊಟ್ಟೂರಿನ ಪಾಲಿಷ್ ಸುಂಕಮ್ಮ ನೀನ ಏನವ್ವಾ? ಬಾ, ಕುಂದರು. ಈ ಮನ್ಯಾಗ ನಿನ್ನ ಹೆಸರು ಬರದಿದ್ದ ದಿನ ಇಲ್ಲ."

ಮಜ್ಜಿಗೆ ಕೊಟ್ಟು, ತಾನು ಎಲೆ ಹಾಕಿಕೊಳ್ಳಲು ಸುಣ್ಣದ ಡಬ್ಬಿ ತೆರೆದಳು. ತೆರೆದವಳೇ ಗೊಣಗಿದಳು.

"ನೋಡು, ಮತ್ತ ಖಾಲಿ. ನನಗ ಎಲಿಗೆ ಹಚ್ಚಾಕೂ ಉಳಸಂಗಿಲ್ಲ ನನ ಮಗ. ಆ ಗಾಲಿ ಮುಚ್ಚಳಕ್ಕ ಬಳಿದು, ಒಂದು ದಿನ ಇಟ್ಟು ತೊಳೀತಾನ. ಹೊಳಿಯೋದನ್ನ ಯಾಕಲೇ ಕೆಡಸ್ತೀ ಅಂದ್ರ, 'ಮತ್ತ ಕೊಟ್ಟೂರಿಗೆ ಹೋಗಬೇಕಲ್ಲವ್ವ' ಅಂತ ನಗ್ತಾನ."

ಮಜ್ಜಿಗೆಯ ಲೋಟ ಸುಂಕಮ್ಮನ ಕೈಯಲ್ಲೇ ಉಳಿಯಿತು.

ತನ್ನನ್ನು ನೋಡಲೆಂದು... ಅದಕ್ಕಾಗಿ? ಒಂದು ಗಳಿಗೆ ಅವಳ ಮೈಯೆಲ್ಲ ಜುಮ್ಮೆಂದಿತು. ಮರುಗಳಿಗೆಯೇ ಅಪ್ಪನ ತಗ್ಗಿದ ತಲೆ ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ಜಂಬುನಾಥ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಒಳಗೆ ಬಂದ. ಅವಳನ್ನು ನೋಡಿ ಮುಖ ಅರಳಿತು. ಪಕ್ಕದಲ್ಲೇ ತೆರೆದಿದ್ದ ಸುಣ್ಣದ ಡಬ್ಬಿಯನ್ನೂ, ಕ್ಯಾಪನ್ನೂ ನೋಡಿ ಬಾಡಿತು.

"ಸುಂಕಮ್ಮಾರ... ಬರಾಕ ಇನ್ನೇನೂ ನೆಪ ಉಳಿದಿದ್ದಿಲ್ರಿ. ಅದಕ್ಕ..."

"ಇದನ್ನ ನೀವು ಕಟ್ಟಿ ಮ್ಯಾಲ ಇಟ್ಟು ಹೋದ್ರಿ. ನೀವು ಹೋದ ಹಿಂದ ತಂಬ್ರಹಳ್ಳಿ ಹಿರಿಯರು ಬಂದ್ರು. ಇದನ್ನ ನೋಡಿ ಪಲ್ಲಕ್ಕಿ ತಗಡು ವಾಪಸ್ ಒಯ್ದ್ರು. ಅಕಿ ಪಾಲಿಷ್ ನಿಲ್ಲಂಗಿಲ್ಲ ಅಂತ ಈಗ ಊರೆಲ್ಲಾ ಮಾತಾಗೈತಿ."

"ದೇವರಾಣಿ ನನಗ ಗೊತ್ತಿದ್ದಿಲ್ಲ..."

"ನಿಮಗ ಇದು ಆಟ. ನಮ್ಮ ಮನ್ಯಾಗ ಇದು ಅನ್ನ." ಅವಳು ಕ್ಯಾಪನ್ನು ಅವನತ್ತ ತಳ್ಳಿದಳು. "ನನ್ನ ಮ್ಯಾಲ ಮನಸ್ಸಿದ್ರ ಬಾಯಿ ಬಿಟ್ಟು ಹೇಳಬೇಕಿತ್ತು. ನನ್ನ ಕೈಕೆಲಸ ಕೆಡಿಸಿ ಹೇಳೋದಲ್ಲ."

ಸುಂಕಮ್ಮ ಹಂಪಕ್ಕನಿಗೆ ಕೈ ಮುಗಿದು, ಹಿಂತಿರುಗಿ ನೋಡದೆ ಬಸ್ ಸ್ಟ್ಯಾಂಡಿಗೆ ನಡೆದಳು.

ಮುಂದಿನ ದಿನಗಳು ಹೇಗೆ ಕಳೆದವೋ... ಓಣಿಯ ತಿರುವಿನಲ್ಲಿ ಯಾವ ಗಾಡಿ ಸದ್ದಾದರೂ ಅವಳ ಕೈ ತಡೆಯುತ್ತಿತ್ತು. 'ಬರಲೇಬಾರದು' ಎನ್ನುವಳು. ಬರಲಿಲ್ಲವೆಂದು ಸಂಜೆಗೆ ಕಣ್ಣು ತುಂಬುವಳು. ಕರಿಸಿದ್ದಪ್ಪ ಅವಳ ತಟ್ಟೆಗೆ ತಮ್ಮ ಪಾಲಿನ ಬೆಲ್ಲದ ಚೂರನ್ನು ಸುಮ್ಮನೆ ಸರಿಸುತ್ತಿದ್ದರು.

ಒಂದು ಬೆಳಿಗ್ಗೆ ಓಣಿಯೇ ನಡುಗುವಂತೆ ಗುಡುಗುಡು ಸದ್ದಾಯಿತು.

ಉದ್ದ ಮೂತಿಯ ಲಾರಿ ನಿಧಾನಕ್ಕೆ ಬಂದು ಅಂಗಡಿಯ ಮುಂದೆ ನಿಂತಿತು. ಬಾನೆಟ್ಟಿನ ಪಟ್ಟಿ, ಜಾಲರಿ, ಲೈಟಿನ ಬಳೆಗಳು ಬಿಸಿಲಿಗೆ ಝಗಝಗ ಹೊಳೆಯುತ್ತಿದ್ದವು. ತಾನು ಬಿಡಿಬಿಡಿಯಾಗಿ ಮಾಡಿದ ಕೆಲಸವನ್ನು ಅವಳು ಒಟ್ಟಿಗೆ ನೋಡಿದ್ದು ಅದೇ ಮೊದಲು.

ಒಳಗಿನಿಂದ ಯರ್ರಿಸ್ವಾಮಿ ಇಳಿದರು. ಕಂಕುಳಲ್ಲಿ ಅದೇ ಗಂಟು.

"ತಗೋವ್ವ. ನಿನ್ನ ಒಂದು ಮಾತು ಕೇಳದ ಹೋದೆ. ಹಿರಿಯ ಅನ್ನಿಸ್ಕೊಂಡೋನು ನಾ ಹಂಗ ಮಾಡಬಾರದಿತ್ತು."

"ನಿಮಗ ಯಾರು ಹೇಳಿದ್ರಿ?"

"ಈ ಲಾರಿ ಓಡಿಸ್ಕೊಂಡು ಬಂದೋನೇ ಹೇಳಿದ. ನಮ್ಮೂರ ಕಟ್ಟಿ ತುಂಬ ಮಂದಿ ಕುಂತಿದ್ರು. ಎಲ್ಲಾರ ಮುಂದ ನಿಂತು, 'ಪಾಲಿಷ್ ಕೆಟ್ಟಿಲ್ಲ, ನಾ ಸುಣ್ಣ ಬಳಿದು ಕೆಡಿಸೀನಿ' ಅಂದ. ಯಾಕಲೇ ಹುಚ್ಚಾ ಅಂದೆ. 'ಅಕೀನ ನೋಡಾಕ' ಅಂದ. ಕಟ್ಟಿ ಮ್ಯಾಲಿದ್ದ ಮಂದಿಯೆಲ್ಲಾ ಬಿದ್ದು ಬಿದ್ದು ನಕ್ಕರು. ಅಂವ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ನಂತರ ಕೊಟ್ಟೂರಾಗ ಅಂಗಡಿ ಅಂಗಡಿಗೂ ಹೇಳ್ಕೋತ ಬಂದೀವಿ."

ಕರಿಸಿದ್ದಪ್ಪ ನಡುಗುವ ಕೈಯಿಂದಲೇ ಗಂಟನ್ನು ಇಸಿದುಕೊಂಡರು. "ಹಿರಿಯರೇ, ಒಳಗ ಬರ್ರಿ. ಚಾ ಕುಡಿಯೋಣ. ಹೊರಗ ಭಾಳ ಬಿಸಲೈತಿ," ಎಂದರು. ಬಿಸಿಲು ಇನ್ನೂ ಏರಿರಲಿಲ್ಲ.

ಜಂಬುನಾಥ ಲಾರಿಯ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದ. ಹೊಳೆಯುವ ಆ ಲಾರಿಯಲ್ಲಿ ಒಂದು ಗಾಲಿಯ ಕ್ಯಾಪ್ ಮಾತ್ರ ಬೂದು ಬಣ್ಣದ್ದು.

"ಅದನ್ನ ಬಿಚ್ಚಿ ಕೊಡ್ರಿ. ಹೊಳಪು ಮಾಡ್ತೀನಿ," ಎಂದಳು ಸುಂಕಮ್ಮ.

"ಬ್ಯಾಡ್ರಿ. ಮತ್ತ ನೆಪ ಮಾಡ್ಕೊಂಡು ಬಂದಂಗ ಆಗ್ತೈತಿ. ನಿಮ್ಮ ಕೆಲಸ ನಿಮಗ ವಾಪಸ್ ಬಂತಲ್ಲ, ಸಾಕು... ನಾ ಹೊರಡ್ತೀನ್ರಿ."

"ಮತ್ತ ನಾಳಿಗೆ ಹೆಂಗ ಬರ್ತೀರಿ?"

ಅವನು ತಟ್ಟನೆ ತಲೆ ಎತ್ತಿದ. "ನಾಳಿಗೇನ್ರಿ...? ಬರೇ ಕೈಲೇ?"

"ಬರೇ ಕೈಲೇ ಬರ್ರಿ." ಅವಳ ದನಿ ಸಣ್ಣಗಾಯಿತು. "ಬರುವಾಗ ಅತ್ತೀನ್ನ ಕರ್ಕೊಂಡು ಬರ್ರಿ."

"ಯಾವ ಅತ್ತೀನ್ನ?"

"ನಿಮ್ಮವ್ವನ್ನ ನಾ ಇನ್ನೇನಂತ ಕರೀಲಿ?"

ಅವನಿಗೆ ಅದು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಕಣ್ಣಂಚು ಒದ್ದೆಯಾಯಿತು. ಟವೆಲಿನಿಂದ ಮುಖ ಒರೆಸಿಕೊಂಡ.

"ಮುಂಜಾನಿ ಮೊದಲ ಬಸ್ಸಿಗೇ ಬರ್ತೀವ್ರಿ."

"ಯಾಕ, ಇಷ್ಟು ದೊಡ್ಡ ಲಾರಿ ಐತಲ್ಲ?"

"ಅದು ಭಾಳ ನಿಧಾನ, ಸುಂಕಮ್ಮ," ಎಂದ ಅವನು. "ನನಗ ಅಷ್ಟೊತ್ತು ತಡಿಯಾಕ ಆಗಂಗಿಲ್ಲ."