ಬಾಟಲಿಯಲ್ಲಿ ಒಂದು ಬೆರಳು ಡೀಸೆಲ್

ಮುಡಬಿಯ ನಮ್ಮ ಹೊಲದ ಪಂಪಿನ ಎಂಜಿನ್ ಅಪ್ಪನ ಮಾತು ಮಾತ್ರ ಕೇಳುತ್ತಿತ್ತು. ಉರಿಯದೆ ಉಳಿದ ಡೀಸೆಲ್ ಟಾಕಿಗೆ ಮರಳುವ ಸಣ್ಣ ಪೈಪನ್ನು ಅವನು ಬಿಚ್ಚಿ ಗಾಜಿನ ಬಾಟಲಿಗೆ ಬಿಡುತ್ತಿದ್ದ. ಎಷ್ಟು ಮರಳಿತೆಂದು ನೋಡಿ ಎಂಜಿನ್ನಿನ ಆರೋಗ್ಯ ಹೇಳುತ್ತಿದ್ದ. “ಹೋದದ್ದೆಲ್ಲಾ ಉರಿಯಂಗಿಲ್ಲವ್ವ. ಉಳಿದದ್ದು ಬೆಚ್ಚಗಾಗಿ ಹೊಳ್ಳಿ ಬರ್ತದ.”

ಅವನು ತೀರಿಕೊಂಡ ಮೇಲೆ ಕಾಕಾ ಎಂಜಿನ್ ಮಾರಲೆಂದು ಟಾಕಿ ಬರಿದು ಮಾಡಿದರು. ನಾನು ದಿನಾ ಬೆಳಿಗ್ಗೆ ಚಳಿಯಲ್ಲಿ ಹೋಗಿ ಎಂಜಿನ್ ಪಕ್ಕ ಕೂರುತ್ತಿದ್ದೆ. ಮೂರನೆಯ ದಿನ, ಪೈಪಿನ ಕೆಳಗೆ ಹಾಗೇ ಉಳಿದಿದ್ದ ಬಾಟಲಿಯಲ್ಲಿ ಒಂದು ಬೆರಳಗಲ ಡೀಸೆಲ್ ಇತ್ತು. ಎಂಜಿನ್ ಮುಟ್ಟಿದೆ, ಕೊರೆಯುತ್ತಿತ್ತು. ಟಾಕಿ ಒಣಗಿತ್ತು. ಪೈಪು ಮಾತ್ರ ಬೆಚ್ಚಗಿತ್ತು. ಬಾಟಲಿ ಚೆಲ್ಲಿ ಬಂದೆ. ಮರುದಿನ ಮತ್ತೆ ಅಷ್ಟೇ ಇತ್ತು.

“ಬಂದಾದ ಎಂಜಿನ್ ಮುಂದ ಕುಂತು ಏನ್ ಮಾತಾಡಾಕತ್ತಿ? ಅದೇನ್ ನಿನ್ನ ಗೆಳತೀನ?” ಎಂದು ಕಾಕಾ ನಕ್ಕರು. ನಾನು ಬಾಟಲಿ ತೋರಿಸಲಿಲ್ಲ.

ಶುಕ್ರವಾರ ಹುಮನಾಬಾದಿನವರು ಬಂದು ಎಂಜಿನ್ನನ್ನು ಪೈಪಿನ ಸಮೇತ ಟೆಂಪೋಗೆ ಏರಿಸಿಕೊಂಡು ಹೋದರು. ಬಾಟಲಿ ಅವರಿಗೆ ಬೇಕಿರಲಿಲ್ಲ. ತೊಳೆದು, ಒರೆಸಿ, ಅಡುಗೆಮನೆಯ ಗೂಡಿನಲ್ಲಿ ಇಟ್ಟುಕೊಂಡೆ.

ಇವತ್ತು ಒಲೆ ಹಚ್ಚುವ ಮೊದಲು ಅದನ್ನು ಕೈಗೆತ್ತಿಕೊಂಡೆ. ತಳದಲ್ಲಿ ಒಂದು ಬೆರಳು ಡೀಸೆಲ್ ಇತ್ತು. ಗಾಜು ಬೆಚ್ಚಗಿತ್ತು.