ಕೈಪಿಡಿಯ ನಲವತ್ತೊಂದನೇ ಸಾಲು

ಕೊಲ್ಲಿ ದೇಶದ ಅಲ್ ರಯ್ಯಾನಿನಲ್ಲಿ, ನೀರಿನ ಪಂಪ್‌ಹೌಸಿನ ಒಳಗೆ ಪರದೆ ಸೊನ್ನೆ ತೋರಿಸುತ್ತಿತ್ತು. ಪೈಪಿನಲ್ಲಿ ಒತ್ತಡವಿಲ್ಲವೆಂದು ನಂಬಿ ಫಿಟ್ಟರ್ ಮಹಮೂದ್ ವಾಲ್ವಿನ ಬೋಲ್ಟು ಬಿಚ್ಚಿದ. ಒತ್ತಡವಿತ್ತು. ಚಿಮ್ಮಿದ ಬೋಲ್ಟು ಅವನ ಬಲಗಣ್ಣನ್ನು ಕಿತ್ತುಕೊಂಡಿತು.

ಅದು ೨೦೦೭ರ ಜೂನ್. ಮೂರನೇ ದಿನಕ್ಕೆ, ಪಂಪಿನ ಪ್ರೋಗ್ರಾಂ ಮಾಡಿಕೊಟ್ಟ ಕಂಪನಿಯ ಅಲ್ ಮುಂತಜಾದ ಆಫೀಸಿನಲ್ಲಿ ತಪ್ಪಿತಸ್ಥೆಯೂ ಸಿಕ್ಕಿದ್ದಳು—ಪ್ರೋಗ್ರಾಂ ಬರೆಯುವವರಿಗೆ ಕೈಪಿಡಿ ಬರೆಯುವ ಲೀಲಾಕ್ಷಿ. ಅವಳ ವೀಸಾ ರದ್ದು ಮಾಡುವ ಕಾಗದ ಸಿದ್ಧವಾಗಿತ್ತು. ಅದಕ್ಕೊಂದು ತನಿಖಾ ವರದಿ ಬೇಕು. ಆ ಕೆಲಸ ಗುಣಮಟ್ಟ ಪರೀಕ್ಷಕ ಕಾಸ್ಮಿರನ ಪಾಲಿಗೆ ಬಂತು.

"ಎಂತ ಬರೆದಿದ್ದಿರಿ ನೀವು?" ಅವನು ಲೀಲಾಕ್ಷಿಯನ್ನು ಕೇಳಿದ.

"ಸಿ ಮತ್ತು ಸಿ ಪ್ಲಸ್ ಪ್ಲಸ್ ಎರಡು ಪ್ರೋಗ್ರಾಂ ಭಾಷೆಗಳಲ್ಲಿ, ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರಿಗೆ ಕೊಡುವ ಸೂಚನೆಗಳು ಎಲ್ಲೆಲ್ಲಿ ಬೇರೆ ಅಂತ. ಎರಡು ವರ್ಷದ ಕೆಲಸ ಸರ್."

"ನಲವತ್ತೊಂದನೇ ಸಾಲು?"

"ಪ್ಯಾಕ್ಡ್ ಅನ್ನುವ ಸೂಚನೆ. ಡೇಟಾವನ್ನು ನಡುವೆ ಜಾಗ ಬಿಡದೆ ಜೋಡಿಸು ಅಂತ ಅರ್ಥ. ಸಿ ಎಲ್ಲವನ್ನೂ ಜೋಡಿಸುತ್ತದೆ. ಸಿ ಪ್ಲಸ್ ಪ್ಲಸ್ ಕೆಲವನ್ನು ಬಿಡುತ್ತದೆ, ಬಿಟ್ಟದ್ದಕ್ಕೆ ವಾರ್ನಿಂಗ್ ಕೊಡುತ್ತದೆ. ಹಾಗೇ ಬರೆದಿದ್ದೆ."

"ಸರ್ವರಿನಲ್ಲಿರುವ ಪ್ರತಿಯಲ್ಲಿ 'ಎರಡರಲ್ಲೂ ಒಂದೇ' ಅಂತ ಉಂಟು."

"ಅದು ನನ್ನ ಸಾಲಲ್ಲ!"

ಪಂಪಿನ ಪ್ರೋಗ್ರಾಂ ಸಿ, ಪರದೆಯದು ಸಿ ಪ್ಲಸ್ ಪ್ಲಸ್. ಒಂದು ಒತ್ತಾಗಿ ಕಳಿಸಿದ ಅಂಕಿಗಳನ್ನು ಇನ್ನೊಂದು ಜಾಗ ಬಿಟ್ಟು ಓದಿತ್ತು. ಅದಕ್ಕೇ ಆ ಸೊನ್ನೆ. ಅಪಘಾತದ ಮರುದಿನ ಕೈಪಿಡಿಯನ್ನು ಎಲ್ಲರೂ ತೆರೆದು ಟಿಪ್ಪಣಿ ಸೇರಿಸಿದ್ದರು. ಎಲ್ಲರಿಗೂ ಒಂದೇ ಪಾಸ್‌ವರ್ಡ್. ತಿದ್ದಿದ್ದು ಯಾರೆಂದು ಕಂಪ್ಯೂಟರ್ ಹೇಳುವಂತಿರಲಿಲ್ಲ.

ಪರದೆಯ ಪ್ರೋಗ್ರಾಂ ಬರೆದ ಸುಶಾಂತನನ್ನು ಕಾಸ್ಮಿರ್ ಕರೆಸಿದ.

"ವಾರ್ನಿಂಗ್ ಬಂದಿತ್ತಾ?"

"ನನಗೆ ಕಾಣಲಿಲ್ಲ ಸರ್."

"ಬರಲಿಲ್ಲವೋ, ಕಾಣಲಿಲ್ಲವೋ?"

ಸುಶಾಂತ್ ತಲೆ ತಗ್ಗಿಸಿದ. "ವಾರ್ನಿಂಗ್ ಎಲ್ಲ ಬಂದ್ ಮಾಡು ಅಂತ ಆರ್ಡರ್ ಇತ್ತು."

"ಯಾರದ್ದು?"

ಸುಶಾಂತ್ ಎದ್ದು ತನ್ನ ಮೇಜಿಗೆ ಹೋದ.

ಕಾಸ್ಮಿರ್ ಆ ಕೈಪಿಡಿಯನ್ನು ಮೊದಲ ಸಾಲಿನಿಂದ ಓದಲು ಕುಳಿತ. ಬಳಿಕ ಸುಶಾಂತನ ಪ್ರೋಗ್ರಾಂ. ಆಮೇಲೆ ಬೀರುವಿನಲ್ಲಿದ್ದ ಹಳೆಯ ಮೀಟರಿನ ಪ್ರೋಗ್ರಾಂ. ಕೊನೆಯ ಹಾಳೆಯ ಕೆಳಗೆ ಬರೆದವರ ಹೆಸರಿತ್ತು. ಅದನ್ನು ಎರಡು ಸಲ ಓದಿದ.

ವಿಭಾಗದ ಮುಖ್ಯಸ್ಥ ಯೂಸ್ಟೇಸರ ಕೋಣೆಗೆ ಲೀಲಾಕ್ಷಿ, ಸುಶಾಂತ್ ಇಬ್ಬರನ್ನೂ ಕರೆದ. ಹನ್ನೊಂದು ವರ್ಷದ ಹಿಂದೆ ಕಾಸ್ಮಿರನಿಗೆ ವೀಸಾ ಕೊಡಿಸಿ, ಅಲ್ ಹಿಲಾಲಿನ ತಮ್ಮ ಮನೆಯಲ್ಲಿ ಮೂರು ತಿಂಗಳು ಉಣ್ಣಿಸಿದವರು ಯೂಸ್ಟೇಸ್.

"ರಿಪೋರ್ಟ್ ಆಯ್ತಾ ಮಾರಾಯ? ಖಲಾಸ್ ಮಾಡು."

"ಆಯ್ತು ಸರ್. ಲೀಲಾಕ್ಷಿ ಸೂಚನೆ ಬರೆಯುವಾಗ ಪದದ ಮೊದಲಿಗೆ ಎರಡು, ಕೊನೆಗೆ ಎರಡು ಅಂಡರ್‌ಸ್ಕೋರ್, ಅಂದರೆ ಅಡಿಗೆರೆ, ಹಾಕುತ್ತಾರೆ. ಕೈಪಿಡಿ ಇಡೀ ಹಾಗೇ. ನಲವತ್ತೊಂದರಲ್ಲಿ ಮಾತ್ರ ಪದದ ಮೊದಲಿಗೆ ಉಂಟು, ಕೊನೆಗೆ ಇಲ್ಲ."

"ಟೈಪಿಂಗ್ ಮಿಸ್ಟೇಕ್."

"ಆ ಪದ ನಮ್ಮ ಕಂಪೈಲರಿಗೆ ಗೊತ್ತೇ ಇಲ್ಲ ಸರ್. ಸುಶಾಂತನ ಪ್ರೋಗ್ರಾಮಿನಲ್ಲಿ ಪದದ ಎರಡೂ ತುದಿಗೆ ಸರಿಯಾಗಿ ಉಂಟು. ಅಂದರೆ ಅವನು ನೋಡಿ ಬರೆದದ್ದು ಈ ಸಾಲನ್ನಲ್ಲ. ಇದು ಅಪಘಾತದ ನಂತರ ಹುಟ್ಟಿದ್ದು. ಮೊದಲಿಗೆ ಮಾತ್ರ ಹಾಕುವುದು ಹಳೆಯ ಮೀಟರಿನ ಕಂಪೈಲರ್‌ನ ಪದ್ಧತಿ. ಆ ಪ್ರೋಗ್ರಾಂ ಬರೆದವರು ಇಲ್ಲಿ ಒಬ್ಬರೇ." ಅವನು ಆ ಹಾಳೆಯನ್ನು ಯೂಸ್ಟೇಸರ ಮುಂದಿಟ್ಟ. "ನೀವು. ವಾರ್ನಿಂಗ್ ಬಂದ್ ಮಾಡಿಸಿದ್ದೂ ನೀವೇ, ಅದನ್ನು ಮುಚ್ಚಲಿಕ್ಕೆ ಈ ಸಾಲು ತಿದ್ದಿದ್ದೂ ನೀವೇ. ಅಲ್ವಾ ಸುಶಾಂತ್?"

ಸುಶಾಂತ್ ಹೌದೆಂದ.

ಯೂಸ್ಟೇಸ್ ನಿರಾಕರಿಸಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಡೆಲಿವರಿಗೆ ನಾಲ್ಕೇ ದಿನ ಇತ್ತು. ಬರೆದುಕೋ ನನ್ನ ಹೆಸರು. ಆದರೆ 'ವಾರ್ನಿಂಗ್ ಯಾವುದೂ ಇಲ್ಲ' ಅಂತ ಟೆಸ್ಟ್ ರಿಪೋರ್ಟಿಗೆ ಸೈನ್ ಹಾಕಿದ್ದು ಯಾರು ಕಾಸ್ಮಿರ್? ಓದಿದ್ದೆಯಾ ನೀನು?"

ಓದಿರಲಿಲ್ಲ. ಅವರು ಕೊಟ್ಟ ಹಾಳೆಯೆಂದು ನಿಂತಲ್ಲೇ ಸಹಿ ಹಾಕಿದ್ದ.

ಕಾಸ್ಮಿರ್ ವರದಿಯಲ್ಲಿ ಯೂಸ್ಟೇಸರ ಹೆಸರು ಬರೆದ. ಅದರ ಕೆಳಗೆ ತನ್ನದನ್ನೂ ಬರೆದ. ಲೀಲಾಕ್ಷಿ ಅದನ್ನು ಪೂರ್ತಿ ಓದಿದಳು. ಥ್ಯಾಂಕ್ಸ್ ಹೇಳಲಿಲ್ಲ.

"ಮಹಮೂದನಿಗೆ ಇದನ್ನು ಯಾರು ಹೇಳುವುದು ಸರ್?"

ಕಾಸ್ಮಿರ್ ಕಾರಿನ ಕೀ ತೆಗೆದುಕೊಂಡು ಆಸ್ಪತ್ರೆಗೆ ಹೊರಟ.